ತೊಟ್ಟಿ ಎಷ್ಟೋ ಅಷ್ಟೇ

ಬೆಳಿಗ್ಗೆ ಆರೂವರೆಗೆ ಗಾಮಪ್ಪನ ಫೋನು:
"ಸಾಬ್ರೇ, ನೀವು ಮೀನಿನಂಗಡಿಯೋರಲ್ವಾ, ಬೇಗ ಬನ್ನಿ,
ನಮ್ಮ ಕೆರೇಲಿ ಮೊಸಳೆ ಸತ್ತು ತೇಲ್ತಾ ಇದೆ,
ಆದ್ರೆ ಕಾಲಿಲ್ಲ."

ಕೆರೆ ಅಂದರೆ ಕೆರೆಯಲ್ಲ.
ಗಾಜನೂರು ರಸ್ತೆಯ ಬಡಾವಣೆಗೆ ಲೇಕ್ ವ್ಯೂ ಅಂತ ಹೆಸರಿಟ್ಟ ಮೇಲೆ
ಹೆಸರಿಗೊಂದಿಷ್ಟು ನೀರು ಬೇಕಲ್ಲ ಅಂತ ತೋಡಿದ್ದು.
ತಳಕ್ಕೆ ನೀಲಿ ಪ್ಲಾಸ್ಟಿಕ್ಕು, ಅಂಚಿಗೆ ಸಿಮೆಂಟಿನ ಜಿಂಕೆ,
ಸಂಜೆ ಐದರಿಂದ ಏಳರವರೆಗೆ ಕಾರಂಜಿ.
ಏರಿಯಿಲ್ಲ, ತೂಬಿಲ್ಲ, ಕೋಡಿ ಬೀಳುವ ಮಾತೇ ಇಲ್ಲ,
ಬಾಗಿನ ಕೊಡಲು ಯಾರೂ ಬರುವುದಿಲ್ಲ.

ಪೇವರ್ ಕಲ್ಲಿನ ಮೇಲೆ ಮಲಗಿಸಿದ್ದರು.
ಯಾರೋ ಹೊಲಿಗೆಯ ಟೇಪು ತಂದು ಅಳೆದರು: ನಾಲ್ಕಡಿ ಮೂರಿಂಚು.
ಹೆಂಚು ಹೊದಿಸಿದ ಹಾಗೆ ಚಿಪ್ಪು,
ಹುಡುಗನೊಬ್ಬ ಬೀಗದ ಕೈಯಿಂದ ಬಡಿದ,
ಟಣ್ ಎಂದಿತು.

ಒಬ್ಬೊಬ್ಬರದು ಒಂದೊಂದು.
ಆಷಾಢದಲ್ಲಿ ತುಂಗೆ ತುಂಬಿದಾಗ ಡ್ಯಾಮಿನಿಂದ ಬಂತಂತೆ,
ಕೊಕ್ಕರೆಯ ಕಾಲಿಗೆ ತತ್ತಿ ಅಂಟಿಕೊಂಡು ಬಂತಂತೆ.
ಎಂಟನೇ ಸೈಟಿನ ಹೆಂಗಸು ಬಾತುಗಳ ಲೆಕ್ಕ ಹೇಳಿದರು:
ಹನ್ನೊಂದಿದ್ದವು, ಯುಗಾದಿಗೆ ಏಳು, ಈಗ ಎರಡು,
ಪಾಪ, ಬೀದಿನಾಯಿಗಳನ್ನು ಸುಮ್ಮನೆ ಬೈದೆವು.

ಗಾಮಪ್ಪ ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ಹೇಳಿದ:
"ಇದು ನಮ್ಮಪ್ಪನ ಗೇಣಿ ಗದ್ದೆ ಕಣ್ರೀ.
ಮೊದ್ಲ ಮಳೆಗೆ ಹತ್ತುಮೀನು ಹತ್ತೋದು ಇಲ್ಲೇ, ಈ ಜಿಂಕೆ ನಿಂತಲ್ಲಿ.
ಹೊಟ್ಟೆ ತುಂಬ ಮೊಟ್ಟೆ ಹೊತ್ಕಂಡು ಬರೋವು,
ತೌರಿಗೆ ಬಂದಂಗೆ.
ಇದು ಯಾರ ಮನೆಗೆ ಅಂತ ಬಂದಿದ್ದು?"

ನಾನು ಬಗ್ಗಿ ನೋಡಿದೆ.
ಮೂತಿಯ ತುದಿ ಎಡಕ್ಕೆ ಒಂದಿಷ್ಟು ಸೊಟ್ಟ.

ಗಾಜಿಗೆ ಗುದ್ದಿ ಗುದ್ದಿ ಆದ ಸೊಟ್ಟ ಅದು.
ನನ್ನ ಅಂಗಡಿಯ ಗಾಜು. ದುರ್ಗಿಗುಡಿ, ಆರು ವರ್ಷದ ಹಿಂದೆ.
ಕೊಳತ್ತೂರಿನಿಂದ ಚೆನ್ನೈ ಬಸ್ಸಿನ ಡಿಕ್ಕಿಯಲ್ಲಿ
ಆಕ್ಸಿಜನ್ ತುಂಬಿದ ಕವರಿನೊಳಗೆ ಬಂದಿಳಿದಾಗ
ಬೆರಳುದ್ದವಿತ್ತು, ಕಡ್ಡಿಯ ಹಾಗೆ ತೇಲುತ್ತಿತ್ತು.
ಷಡಕ್ಷರಿ ಎಂಜಿನಿಯರು ಮೊಮ್ಮಗಳ ಕೈ ಹಿಡಿದು ಬಂದು ಕೇಳಿದ್ದರು,
"ಎಷ್ಟು ದೊಡ್ಡದಾಗುತ್ತೆ?"
"ತೊಟ್ಟಿ ಎಷ್ಟೋ ಅಷ್ಟೇ ಸಾರ್, ಇದರ ಗುಣವೇ ಹಾಗೆ."
ನಮ್ಮ ದಂಧೆಯಲ್ಲಿ ಎಲ್ಲರೂ ಹೇಳುವ ಮಾತು.
ನನಗೂ ಯಾರೋ ಹೇಳಿದ್ದು.
ಬಿಲ್ಲು ಹರಿಯುವಾಗ ತಾನಾಗಿ ಬಾಯಿಗೆ ಬರುತ್ತದೆ.

ಮೀನು ನನ್ನ ಮಾತು ನಡೆಸಿಕೊಟ್ಟಿತು.
ಎರಡಡಿ ಗಾಜಿನಲ್ಲಿ ಎರಡಡಿ,
ಮಹಡಿಯ ಮೇಲಿನ ನೀಲಿ ಡ್ರಮ್ಮಿನಲ್ಲಿ ಡ್ರಮ್ಮಿನಷ್ಟು,
ಆಮೇಲೆ ಯಾವುದೋ ರಾತ್ರಿ
ಬಕೆಟ್ಟಿನಿಂದ ಬಾಲ ಹೊರಗಿಟ್ಟುಕೊಂಡು
ಸ್ಕೂಟರಿನ ಮುಂದೆ ಕೂತು ಬಂದಿರಬೇಕು;
ಎರಡೆಕರೆ ಸಿಕ್ಕಿದಾಗ ಎರಡೆಕರೆಯನ್ನೂ
ಸಾವಕಾಶ ಮೈಗೆ ಹಾಕಿಕೊಂಡಿತು.

ತಲೆಯೆತ್ತಿದರೆ ಷಡಕ್ಷರಿಯವರು ಅಲ್ಲೇ ಇದ್ದರು,
ಕೈಯಲ್ಲಿ ಹಾಲಿನ ಪ್ಯಾಕೆಟ್ಟು.
ಎಲ್ಲರೂ ಮೀನು ನೋಡುತ್ತಿದ್ದರು.
ಅವರು ನನ್ನ ಬಾಯಿ ನೋಡುತ್ತಿದ್ದರು.

"ತಿನ್ನಬೌದಾ?" ಕೇಳಿದ ಗಾಮಪ್ಪ.
"ಹೆಣ್ಣಾಗಿದ್ದರೆ ತತ್ತಿ ವಿಷ. ನಾಯಿಗೂ ಹಾಕಬೇಡ, ಹೂತುಬಿಡು."
ಆ ಬೆಳಿಗ್ಗೆ ನಾನಾಡಿದ ನಿಜ ಅದೊಂದೇ.

ಎಲ್ಲಿ ಹೂಳುವುದು ಎಂದು ಚರ್ಚೆಯಾಯಿತು.
ಪಾರ್ಕಿನಲ್ಲಿ ಬೇಡ, ಮಕ್ಕಳಾಡುತ್ತವೆ.
ಕಡೆಗೆ ಯಾರೂ ಕೊಳ್ಳದ ಮೂಲೆ ಸೈಟಿನಲ್ಲಿ ಅಗೆದರು,
ಅರ್ಧ ಮೊಳ ಅಗೆಯುವಷ್ಟರಲ್ಲೇ ಗದ್ದೆಯ ಕಪ್ಪು ಮಣ್ಣು ಸಿಕ್ಕಿತು.

"ಇಂಥವು ಇನ್ನೂ ಇರಬಹುದಾ?"
ಎಂಟನೇ ಸೈಟಿನವರು ಕೇಳಿದ್ದು ನನ್ನನ್ನು.
"ಇರಲಿಕ್ಕಿಲ್ಲ" ಅಂದೆ.

ಷಡಕ್ಷರಿಯವರು ಹಾಲಿನ ಪ್ಯಾಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿದರು.
ಬಿಲ್ಲಿನಲ್ಲಿ ನಾನೇ ಬರೆದದ್ದು, ಇಬ್ಬರಿಗೂ ನೆನಪಿದೆ:
ಮೊಸಳೆ ಮೀನು, ಜೋಡಿ, ಒಂಬೈನೂರು.

ಉಳಿದ ಎರಡು ಬಾತು
ಸಿಮೆಂಟಿನ ಜಿಂಕೆಯ ಹೊಟ್ಟೆಯ ಕೆಳಗೆ ನಿಂತಿದ್ದವು,
ಬಿಸಿಲೇರಿದರೂ
ನೀರಿಗಿಳಿಯದೆ.