ನೋರಾ ಕ್ರಾಸಿಂಗಿನಲ್ಲಿ ಎಣಿಕೆ

ಚರ್ಚಿನ ನೆಲಮಾಳಿಗೆ, ಮಡಿಸುವ ಮೇಜು.
ರಾತ್ರಿ ಎಂಟಕ್ಕೆ ಪೆಟ್ಟಿಗೆ ತೆರೆಯುತ್ತೇವೆ ಮೂವರು:
ನಾನು, ಡೆಲ್ಮರ್ ಹೋವ್ಲಾಂಡ್, ಕಾಫಿ ಕಾಯಿಸುವ ವರ್ನಾ.
ಹೊರಗೆ ಬೀಟ್ ಗಡ್ಡೆಯ ಲಾರಿಗಳು ಮಣ್ಣುದುರಿಸುತ್ತ ಹೋಗುತ್ತವೆ.
ಉತ್ತರ ಡಕೋಟಾದ ನವೆಂಬರು;
ಬೀಳಲೋ ಬೇಡವೋ ಎಂದು ಹಿಮ ಇನ್ನೂ ಯೋಚಿಸುತ್ತಿರುತ್ತದೆ.

ಒಂದು ಕಡೆಗೆ ಇನ್ನೂರು ಚಿಲ್ಲರೆ,
ಇನ್ನೊಂದು ಕಡೆಗೆ ಏಳು.
ಪ್ರತಿ ಸಲವೂ ಏಳು. ಒಮ್ಮೆ ಮಾತ್ರ ಎಂಟಾಗಿತ್ತು,
ಶಾಲೆಗೆ ಹೊಸ ವಿಜ್ಞಾನದ ಮೇಷ್ಟ್ರು ಬಂದ ವರ್ಷ.
ಹಿಮ ಕರಗುವಷ್ಟರಲ್ಲಿ ಆತ ಹೊರಟುಹೋದ.

ಆ ಏಳು ಮಂದಿ ಯಾರೆಂದು ಊರಿಗೆ ಗೊತ್ತು.
ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ, ಗೊತ್ತು ಅಷ್ಟೆ.
ಪಶುವೈದ್ಯ, ಅವನ ಹೆಂಡತಿ.
ರೈಲು ನಿಂತು ಮೂವತ್ತು ವರ್ಷವಾದರೂ
ಯೂನಿಯನ್ ಟೋಪಿ ಕಳಚದ ಗುನ್ನರ್.
ಕೌದಿ ಅಂಗಡಿಯ ಅಕ್ಕತಂಗಿಯರು.
ಪಾದ್ರಿ: ಯಾವ ಪಾದ್ರಿಯೇ ಬರಲಿ, ಆ ಲೆಕ್ಕಕ್ಕೇ.
ಮತ್ತೆ, ಪಿಯಾನೋ ಕಲಿಸುವ ಇಂಗಾ ಸ್ಟೋರ್ಲಿ.
ಇಂಗಾ ಅಂಗಳದಲ್ಲಿ ಫಲಕ ನೆಡುತ್ತಾಳೆ,
ರಾತ್ರಿ ಯಾರೋ ಕೀಳುತ್ತಾರೆ, ಬೆಳಿಗ್ಗೆ ಮತ್ತೆ ನೆಡುತ್ತಾಳೆ.
ಕಿತ್ತ ಹುಡುಗನೇ ಗುರುವಾರ ಪಾಠಕ್ಕೆ ಬಂದು
ಕೈ ತೊಳೆದು ಕೂರುತ್ತಾನೆ.
ಉಗುರಿನ ಮಣ್ಣು ನೋಡಿ ಅವಳೇನೂ ಅನ್ನುವುದಿಲ್ಲ.

ನಮ್ಮಜ್ಜನ ಕಾಲಕ್ಕೆ ಈ ಊರು ಪೂರ್ತಿ ಅತ್ತ ವಾಲಿತ್ತಂತೆ.
ರೈತರ ಕೂಟದವನೊಬ್ಬ ಫೋರ್ಡ್ ಗಾಡಿಯಲ್ಲಿ ಬಂದು
ಬ್ಯಾಂಕಿನವರನ್ನು ಬೈದನಂತೆ, ಗಿರಣಿಯವರನ್ನು ಬೈದನಂತೆ.
ಚಪ್ಪಾಳೆ ತಟ್ಟಿದ ಕೈಯಲ್ಲೇ ಎಲ್ಲರೂ
ಕೊಯ್ಲಿನ ನಂತರದ ತಾರೀಖು ಹಾಕಿ ಚಂದಾ ಬರೆದರಂತೆ,
ಅದೇ ಬ್ಯಾಂಕಿನ ಚೆಕ್ಕಿನಲ್ಲಿ.
ಆಗ ಒಂಟಿ ಬಿದ್ದವರು ಬ್ಯಾಂಕಿನ ಮ್ಯಾನೇಜರು, ಅವನ ಅಳಿಯ,
ಅವನಿಗೆ ಸಾಲ ತೀರಿಸಬೇಕಿದ್ದ ನಾಲ್ಕೈದು ಜನ.
ನನಗನ್ನಿಸುತ್ತದೆ, ಊರು ಬದಲಾಗಿಲ್ಲ.
ಒಟ್ಟಿಗೆ ಕೂತು ಬೈಯಲು ದೂರದ ಒಂದು ಊರು ಬೇಕು.
ಆಗ ಮಿನಿಯಾಪೊಲಿಸ್, ಈಗ ವಾಷಿಂಗ್ಟನ್.

ಈ ಮಾರ್ಚಿನಲ್ಲಿ ಇಂಗಾ ತೀರಿಕೊಂಡಳು.
ನೆಲ ಕಲ್ಲಾಗಿತ್ತು. ಫಲಕದ ಹುಡುಗನ ಅಪ್ಪನೇ
ಜೆಸಿಬಿ ತಂದು ಗುಂಡಿ ತೋಡಿದ, ದುಡ್ಡು ಮುಟ್ಟಲಿಲ್ಲ.
ಇನ್ನೂರು ಚಿಲ್ಲರೆ ಜನವೂ ಬಂದರು,
ಆಲೂಗಡ್ಡೆ ಬೇಯಿಸಿ ತಂದರು, ಹಾಡಿದರು;
ಪಿಯಾನೋ ನುಡಿಸುವವರಿಲ್ಲದೆ ಶ್ರುತಿ ತಪ್ಪಿತು.
ಮಣ್ಣೆಳೆಯುವಾಗ ಡೆಲ್ಮರ್ ಮೆಲ್ಲಗೆ ಅಂದ: "ಇನ್ನು ಆರು."
ಯಾರೋ ನಕ್ಕರು,
ಆಮೇಲೆ ತಮ್ಮ ಬೂಟನ್ನೇ ನೋಡಿಕೊಂಡರು.

ನವೆಂಬರಿನಲ್ಲಿ ಹೆಬ್ಬೆರಳು ಒದ್ದೆ ಮಾಡಿಕೊಂಡು ಎಣಿಸಿದೆ.
ಐದು. ಆರು.
ಇನ್ನೊಂದು ಚೀಟಿ ಕೈಗೆ ಬಂತು.
ಡೆಲ್ಮರ್ ಕಿತ್ತುಕೊಂಡು ದೀಪಕ್ಕೆ ಹಿಡಿದ,
ಕಳ್ಳನೋಟು ನೋಡುವ ಹಾಗೆ.
ಗೆರೆ ದಾಟದಂತೆ, ಒತ್ತಿ ಒತ್ತಿ,
ಮಗು ಬಣ್ಣ ತುಂಬಿದಷ್ಟು ಶ್ರದ್ಧೆಯಿಂದ ತುಂಬಿದ ಗೋಲ.
ಡೆಲ್ಮರ್ ನನ್ನನ್ನು ನೋಡಿದ. ನಾನು ವರ್ನಾಳನ್ನು.
ವರ್ನಾ ನಿಂಬೆಯ ಕೇಕಿಗೆ ಚಾಕು ಹಾಕಿದಳು.

ದೇಶದಲ್ಲಿ ಗೆದ್ದವರಾರು ಎಂದು ಆ ವಾರ ಕೆಫೆಯಲ್ಲಿ
ಯಾರೂ ಕೇಳಲಿಲ್ಲ. ಆ ಹುಡುಗನಿಗೆ ಹದಿನೆಂಟಾಯಿತಲ್ಲ
ಎಂದು ಒಬ್ಬ; ಛೇ, ಅವನಲ್ಲ, ಎಂದು ಒಂಬತ್ತು ಜನ.
ಎಲ್ಲರೂ ಎಲ್ಲರ ಕೈಬೆರಳು ನೋಡಿದರು.
ಬಾಗಿಲು ಹಿಡಿದು ನಿಂತರು, ನೀವು ಮೊದಲು ಎಂದರು.
ಅಷ್ಟು ಮರ್ಯಾದೆ ನಾನು ಈ ಊರಲ್ಲಿ ಕಂಡಿರಲಿಲ್ಲ.

ಅದು ಆಮೇಲಿನ ಮಾತು. ಆ ರಾತ್ರಿ ಮನೆಗೆ ಬಂದಾಗ
ಗಂಡ ಮಂಚದ ಮೇಲೆ ಕೂತು ಸಾಕ್ಸು ಬಿಚ್ಚುತ್ತಿದ್ದ.
"ಎಷ್ಟು?"
"ಏಳು."
ದೀಪ ಆರಿಸಿದ.
ಲಾರಿಯೊಂದು ಹೋಯಿತು, ಗೋಡೆಯ ಮೇಲೆ ಬೆಳಕು ಹರಿದು.
"ಆರಾಗಬೇಕಿತ್ತಲ್ಲ" ಎಂದ, ಬಹಳ ಹೊತ್ತಾದ ಮೇಲೆ.
"ಹೌದು" ಎಂದೆ.
ಇಬ್ಬರೂ ನಿದ್ದೆ ಬಂದವರ ಹಾಗೆ
ಉಸಿರಾಡುತ್ತ ಮಲಗಿದೆವು.