ಹದಿನಾಲ್ಕು ಹೆಕ್ಟೇರು

ಫಾರಂನಲ್ಲಿ ಇರುವುದು ಒಂದೇ ಮನೆ:
ಸುಟ್ಟ ಪ್ರದೇಶ.
ಹದಿನಾಲ್ಕು ಹೆಕ್ಟೇರು ಎಂದು ಬರೆದೆ.
ರೇಂಜರ್ ಸಾಹೇಬರು ರುಜು ಹಾಕಿದರು.
ಮಾರ್ಚಿಯ ಆ ರಾತ್ರಿ
ಅಮದಳ್ಳಿಯ ಹಿಂದಿನ ಗುಡ್ಡ
ಕಡಲೊಳಗಿನ ದೋಣಿಗಳಿಗೂ ಕಂಡಿತ್ತಂತೆ,
ಕತ್ತಲೆಗೆ ಕೆಂಪು ನೂಲಿನ ಹೊಲಿಗೆ ಬಿದ್ದ ಹಾಗೆ.

ಜೂನ್ ಕಳೆದ ಮೇಲೆ ಎಣಿಸಲು ಹೋದೆವು:
ನಾನು, ನಾಲ್ಕು ಗೂಟ, ಒಂದು ಹಗ್ಗ,
ಎರಡು ಮಾರು ಉದ್ದ, ಎರಡು ಮಾರು ಅಗಲದ ಚೌಕ,
ಮತ್ತು ಹೊಮ್ಮಿ ಗೌಡ.
ಕೊರಳ ತುಂಬ ಮಣಿಸರ, ಸೊಂಟದಲ್ಲಿ ಕತ್ತಿ.
ಗಿಡದ ಹೆಸರು ಕೇಳಿದರೆ
ಮೊದಲು ಎಲೆ ಜಗಿದು, ಆಮೇಲೆ ಹೇಳುವವಳು.
ದಿನಗೂಲಿ ಅವಳದು. ವಿದ್ಯೆಯೂ ಅವಳದೇ.

ಇಲಾಖೆ ಇಲ್ಲಿ ಗಾಳಿಮರ ನೆಟ್ಟಾಗ
ಅವಳಿಗಿನ್ನೂ ಹಾಲುಹಲ್ಲು.
ಅಂದಿನಿಂದ ಉದುರಿದ್ದೇ ಉದುರಿದ್ದು,
ಸೂಜಿಯ ಮೇಲೆ ಸೂಜಿ,
ಕಾಲಿಗೆ ಹಾಸಿಗೆ, ಬೀಜಕ್ಕೆ ಮುಚ್ಚಳ.
"ಹಂದಿ ಸೈತ ಮೂಗು ಹಾಕ್ತಿರ್ಲಿಲ್ಲ" ಅಂದಳು.

ಮೊದಲ ಚೌಕ ಏರಿನ ಮೇಲೆ.
ಕಡಲಗಾಳಿ ಬೆನ್ನಿಗಿದ್ದ ಬೆಂಕಿ ಇಲ್ಲಿ ಓಡಿತ್ತು,
ಕೊನೇ ಬಸ್ಸು ತಪ್ಪುವವನ ಹಾಗೆ.
ಮೇಲಿನ ಸೂಜಿಯಷ್ಟೇ ನೆಕ್ಕಿ
ತೊಗಟೆಗೆ ಮೊಣಕಾಲೆತ್ತರ ಮಸಿ ಬಳಿದು ಹೋಗಿತ್ತು.
ಹಗ್ಗದೊಳಗೆ:
ಈಚಲು ಮೂರು, ಸುಟ್ಟ ತಲೆಯಿಂದಲೇ ಚಿಗುರಿದ್ದು.
ಕವಲಿನ ಮರಿ ಒಂದು, ಹಳೆಯ ಬೇರಿನದು.
ಕಾಡರಿಶಿನದ ಹೂ, ಬಾಡುತ್ತಿರುವುದು, ಏಳು.
ಕರಡದ ಹುಲ್ಲು — ಲೆಕ್ಕ ಬಿಟ್ಟೆ.

ಎರಡನೆಯದು ಕೆಳಗೆ, ತಗ್ಗಿನಲ್ಲಿ.
ಇಲ್ಲಿ ಬೆಂಕಿ ಕೂತಿತ್ತು.
ಬಿದ್ದ ಬೊಡ್ಡೆಯೊಂದನ್ನು
ಮೂರು ಹಗಲು ಮೂರು ರಾತ್ರಿ ಒಳಗಿನಿಂದ ತಿಂದಿತ್ತು.
ನಾವು ಆರಿತೆಂದು ಮನೆಗೆ ಹೋಗಿ
ಗಂಜಿ ಉಂಡು ಮಲಗಿದ ರಾತ್ರಿಗಳವು.
ಮಣ್ಣು ಇಟ್ಟಿಗೆಯ ಬಣ್ಣ.
ಅರ್ಧ ಮಳೆಗಾಲ ಬಿದ್ದರೂ ನೀರು ಕುಡಿಯದು;
ಹನಿ, ಕೆಸುವಿನೆಲೆಯ ಮೇಲಿನಂತೆ, ಉರುಳಿಹೋಗುತ್ತದೆ.
ಸೊನ್ನೆ ಎಂದು ಬರೆಯುವಾಗ ಹೊಮ್ಮಿ ಕೈ ಹಿಡಿದಳು.
ಹಗ್ಗದ ಅಂಚಿನಲ್ಲಿ ಉಗುರಗಲ ಹಾವಸೆ.
"ಇದು ಗಿಡ ಅಲ್ವಾ?"
ಫಾರಂ ಪ್ರಕಾರ ಅಲ್ಲ.
"ಫಾರಂ ಬರದವ ಇಲ್ಲಿ ಕುಂತಿದ್ನಾ?"

ರಸ್ತೆ ಬದಿಯದಕ್ಕೆ ಹಗ್ಗ ಹಿಡಿಯುವುದೇ ಬೇಡವಿತ್ತು.
ಪ್ರತಿ ಬೇಸಿಗೆ ಬೀಡಿ ಬೀಳುವ ಜಾಗ,
ಪ್ರತಿ ಬೇಸಿಗೆ ಉರಿಯುವ ಜಾಗ.
ಕಮ್ಯುನಿಸ್ಟ್ ಗಿಡ, ಎದೆಮಟ್ಟ.
ಬೇರೆ ಯಾವುದಕ್ಕೂ ಮುಪ್ಪಾಗುವಷ್ಟು ಪುರುಸೊತ್ತಿಲ್ಲ.

ಕೊನೆಯದು ಲೆಕ್ಕದಲ್ಲಿರಲೇ ಇಲ್ಲ.
ಕಲ್ಲುಬಂಡೆಯ ಹಿಂದೆ, ಅಂಗಳದಷ್ಟು ನೆಲ.
ಬೆಂಕಿ ಎರಡಾಗಿ ಸೀಳಿ, ಬಂಡೆ ಸುತ್ತಿ,
ಆ ಕಡೆ ಮತ್ತೆ ಒಂದಾಗಿ ಮುಂದೆ ಹೋಗಿತ್ತು.
ಒಳಗೆ ಕೇಪಳ, ಒಂದು ಮುರುಗಲ ಸಸಿ,
ಹಳೇ ಸೂಜಿಯ ಕೆಳಗಿಂದ
ಏನನ್ನೋ ಹೊತ್ತು ಹೊರಟ ಇರುವೆಸಾಲು,
ಸುಟ್ಟ ಕಡೆಗೆ.
ನನ್ನ ಹದಿನಾಲ್ಕು ಹೆಕ್ಟೇರಿನಲ್ಲಿ ಇದೂ ಸುಟ್ಟಿದೆ.
ರುಜು ಬಿದ್ದಿದೆ.

ಬಂಡೆಯ ಮೇಲೆ ಕೂತು ಕವಳ ಹಾಕಿದೆವು.
ಕೆಳಗೆ ರೈಲು ಸುರಂಗದೊಳಗೆ ಸೇರಿತು.
ಅವಳ ಅಜ್ಜಿ ಬೆಂಕಿಯನ್ನು
ಕರುವಿನ ಹಾಗೆ ಹೊಡೆದುಕೊಂಡು ಹೋಗುತ್ತಿದ್ದಳಂತೆ,
ಮಂಜು ಆರದ ಮುಂಜಾವಿನಲ್ಲಿ,
ಸೊಪ್ಪಿನ ಹಿಡಿಯಿಂದ ತಟ್ಟುತ್ತ:
ಇಲ್ಲಿ ಮೇಯಿ, ಇಲ್ಲಿ ಸಾಕು, ಈ ವರ್ಷ ಅತ್ತ ಬೇಡ.
ಆಮೇಲೆ ಕಾಯ್ದೆ ಬಂತು.
ಕಾಯ್ದೆಯ ಹಿಂದೆ ಗಾಳಿಮರ ಬಂತು.
ಅಜ್ಜಿಯ ಕೈಗೆ ಕೆಲಸವಿರಲಿಲ್ಲ.

"ಈ ಸಲ ಹಚ್ಚಿದ್ದು ಯಾರು, ಹೊಮ್ಮಕ್ಕ?"

ಕವಳ ಉಗಿದಳು.
ಬಂಡೆಯ ಬುಡದ ಎಲೆಯೊಂದನ್ನು ಕಿತ್ತು ಬಾಯಿಗಿಟ್ಟಳು.
ದೂರ, ದೇವಗಡದ ದೀಪ ಹೊತ್ತಿ ಒಂದು ಸುತ್ತು ತಿರುಗಿತು,
ಮತ್ತೊಂದು ಸುತ್ತು.
ಅಷ್ಟು ಹೊತ್ತು ಅವಳು ಯಾವ ಎಲೆಯನ್ನೂ ಜಗಿದಿರಲಿಲ್ಲ.
ನಾನು ಹಗ್ಗ ಸುತ್ತಿಕೊಂಡೆ.