ನದಿಮೂಲ

ಭಾನುವಾರ, ಬೆಳಿಗ್ಗೆ ಆರೂಮುಕ್ಕಾಲು. ಪೆನ್ರಿತ್.
ನೆಪಿಯನ್ ನದಿಯ ಮೇಲೆ ಮಂಜು ಇನ್ನೂ ಹಾಸಿಗೆ ಮಡಚಿಲ್ಲ.
ಮೊಣಕಾಲುದ್ದ ನೀರಿಗಿಳಿದು
ಬಾಟಲಿಯನ್ನು ಬೋರಲು ಮುಳುಗಿಸಿ,
ಹರಿವಿನ ಕಡೆ ಬಾಯಿ ತಿರುಗಿಸಿ, ತುಂಬಿಸಿ,
ಮುಚ್ಚಳ ಬಿಗಿದು ಬರೆಯುತ್ತೇನೆ:
ಸ್ಥಳ, ಸಮಯ, ನೀರಿನ ಬಿಸಿ, ನನ್ನ ಇನಿಷಿಯಲ್ಲು.

ನದಿಮೂಲ ಕೇಳಬಾರದು ಅನ್ನುತ್ತಿದ್ದರು ನಮ್ಮಲ್ಲಿ.
ನನಗೆ ಸಂಬಳ ಕೊಡುವುದೇ ಕೇಳುವುದಕ್ಕೆ:
ಎಲ್ಲಿ ಒಡೆದಿದೆ ಪೈಪು, ಯಾರ ದನ ಇಳಿದಿತ್ತು,
ಮೊನ್ನೆಯ ಮಳೆ ಯಾರ ಹಿತ್ತಲು ತೊಳೆದು ತಂತು.

ಅಷ್ಟರಲ್ಲಿ ವ್ಯಾನುಗಳು.
ನೆತ್ತಿಯಿಂದ ಹಿಮ್ಮಡಿವರೆಗೆ ಬಿಳಿ ಉಟ್ಟವರು
ಬಾರ್ಬೆಕ್ಯೂ ಕಟ್ಟೆ ದಾಟಿ, ನಾಯಿ ಅಡ್ಡಾಡಿಸುವವರನ್ನು ದಾಟಿ
ನೀರಿನಂಚಿಗೆ ಬಂದು ಕಂಬ ನೆಡುತ್ತಾರೆ,
ಕಂಬಕ್ಕೆ ಇಳಿಬಿಟ್ಟ ಬಿಳಿ ರೇಷ್ಮೆ.
ಒಬ್ಬ ಹುಡುಗ ಕೊನೆಯ ಸಲ ಫೋನು ನೋಡಿ
ಅಜ್ಜಿಯ ಚಪ್ಪಲಿಯೊಳಗೆ ಬಚ್ಚಿಡುತ್ತಾನೆ.

ದಾಖಿಲಜ್ಜ ಅಕ್ಕಸಾಲಿ. ಫೇರ್‌ಫೀಲ್ಡಿನಲ್ಲಿ ಅಂಗಡಿ.
ಸಿಕ್ಕಾಗಲೆಲ್ಲ ಅದೇ ಪ್ರಶ್ನೆ:
"ಏನಮ್ಮಾ, ನೀರು ಜೀವಂತವಿದೆಯಾ?"
"ತುಂಬಾ ಜೀವಂತ, ಅಜ್ಜಾ. ಅದೇ ತೊಂದರೆ."
ನಲ್ಲಿಯದು ಸತ್ತ ನೀರಂತೆ ಇವರಿಗೆ.
ಹರಿಯುವುದಕ್ಕೆಲ್ಲ ಒಂದೇ ಹೆಸರು, ಯರ್ದ್ನಾ:
ಟೈಗ್ರಿಸ್ಸಾದರೂ ಅದೇ, ಈ ನೆಪಿಯನ್ನಾದರೂ ಅದೇ.
(ಇವರಿಗಿಂತ, ನನಗಿಂತ, ನಕ್ಷೆಗಿಂತ ಮೊದಲೇ
ಧರುಗ್ ಜನ ಇದನ್ನು ಡ್ಯಾರಬ್ಬಿನ್ ಎಂದು ಕರೆದರು.
ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಲಮಿಲ್ಲ.)

ಅಜ್ಜ ಹುಟ್ಟಿದ್ದು ಜೊಂಡಿನ ಜೌಗಿನಲ್ಲಿ.
ಶಾಲೆಯಿಂದ ಒಮ್ಮೆ ಹಾಳೂರು ನೋಡಲು ಹೋಗಿದ್ದನಂತೆ:
ಇಟ್ಟಿಗೆಯ ಮೆಟ್ಟಿಲು, ತುದಿಯಲ್ಲಿ ದೇವರಿಲ್ಲ, ಬರೀ ಗಾಳಿ.
ಹೆಸರು ಊರ್.
ನಮ್ಮ ನುಡಿಯಲ್ಲಿ ಯಾವ ಊರಿಗೂ ಊರೇ ಅನ್ನುವುದು, ಅಂದೆ.
"ಮತ್ತೇನನ್ನಬೇಕು?" ಅಂದ ಅಜ್ಜ,
ಬುತ್ತಿಯಿಂದ ಖರ್ಜೂರ ಕೊಟ್ಟು.

ಮಿರ್ಟಲ್ ಎಲೆಯ ಸಣ್ಣ ಸುರುಳಿ ತಲೆವಸ್ತ್ರದೊಳಗೆ.
ಮೂರು ಮುಳುಗು.
ಪುರೋಹಿತ ಕರೆಯುವ ಹೆಸರಿಗೆ
ಅಪ್ಪನ ಹೆಸರಲ್ಲ, ಅಮ್ಮನದು ಅಂಟಿಕೊಂಡಿರುತ್ತದೆ.
ಸ್ತ್ರೀಮೂಲವನ್ನೂ ಕೇಳಬಾರದೆಂಬ ನಾಡಿನವಳು ನಾನು
ಥರ್ಮಾಮೀಟರ್ ಒರೆಸುವ ನೆಪದಲ್ಲಿ ನಿಂತೇ ಇದ್ದೇನೆ.

ಆಮೇಲೆ ಅವನು ಬಲಗೈ ಚಾಚುತ್ತಾನೆ,
ಮಿಂದವರು ಹಿಡಿಯುತ್ತಾರೆ.
ಹಾಗೆ ಹಿಡಿಯುವುದಕ್ಕೆ 'ಕುಷ್ಟ' ಅನ್ನುತ್ತಾರೆ, ಸತ್ಯ ಎಂದರ್ಥ.
ಮೊದಲ ಸಲ ಕೇಳಿದಾಗ ಬೆಚ್ಚಿದ್ದೆ.
ನಮ್ಮಲ್ಲಿ ಆ ಶಬ್ದ ತಗುಲಿದವನ ಕೈಯನ್ನು
ಯಾರೂ ಹಿಡಿಯುತ್ತಿರಲಿಲ್ಲ.

"ಇವತ್ತು ಮೀಯಬೇಡಿ" ಎನ್ನಲು ನನ್ನ ಬಳಿ ಏನೂ ಇಲ್ಲ.
ಫಲಿತಾಂಶ ಬರುವುದು ಸೋಮವಾರ.
ಯಾವ ನದಿಯಲ್ಲೂ, ಯಾವ ಕಾಲಕ್ಕೂ
ಮಿಂದವರು ಮೊದಲು ಮಿಂದರು,
ಲೆಕ್ಕ ಆಮೇಲೆ ಬಂತು.
ಹಸಿ ಮಣ್ಣಿನ ಹಲಗೆಯಲ್ಲಿ ಜೊಂಡಿನ ಮೊನೆ ಒತ್ತಿ
ಇಷ್ಟು ಕುರಿ, ಇಷ್ಟು ಬಾರ್ಲಿ, ಇಷ್ಟು ಗುಡಿಯ ಪಾಲು
ಎಂದು ಗುರುತಿಟ್ಟವನಿಗೂ
ಬೆರಳ ಸಂದಿಯಲ್ಲಿ ಅದೇ ಹೊಳೆಯ ಕೆಸರು.

ಸೋಮವಾರ. ಲ್ಯಾಬಿನ ದೀಪ ಆರಿಸುತ್ತೇನೆ.
ನಲವತ್ತೊಂದು ಡಿಗ್ರಿಯಲ್ಲಿ ರಾತ್ರಿಯಿಡೀ ಕಾವು ಕುಳಿತ ತಟ್ಟೆ,
ಅದರ ಗುಳಿಗಳು ನೇರಳೆ ಬೆಳಕಿನಡಿ
ಒಂದೊಂದಾಗಿ ನೀಲಿ ಹೊಳೆಯುತ್ತವೆ,
ಯಾರೋ ದೂರದ ದಡದಲ್ಲಿ ಹಣತೆ ತೇಲಿಬಿಟ್ಟಂತೆ.
ಇವೆಲ್ಲ ರೋಗದ ಸುಳಿವು, ನನಗೆ ಗೊತ್ತು.
ಹದಿನೇಳು, ಹದಿನೆಂಟು.
ಎಣಿಕೆ ತಪ್ಪುತ್ತದೆ.
ನಾಲಗೆಯ ಮೇಲೆ ಇನ್ನೂ ಖರ್ಜೂರದ ನಾರು.
ಮತ್ತೆ ಒಂದರಿಂದ.